ಕಲ್ಪಿತಯಂತ್ರಗಳ ಇತಿಹಾಸವೂ ಅವುಗಳ ದಾನಸ್ವರೂಪವೂ

ಬೆಲೆ ಕೊಡದೆ ಪಡೆದ ವಸ್ತುವು ಪಡೆದವನ ಸ್ವತ್ತಾಗುವುದೋ, ಕೊಟ್ಟವನ ಮನಸ್ಸಿರುವವರೆಗೆ ಮಾತ್ರ ಅವನ ಕೈಯಲ್ಲಿ ನಿಲ್ಲುವುದೋ ಎಂಬ ವಿಚಾರವು ನಮ್ಮ ಸ್ಮೃತಿಕಾರರಿಗೆ ಹೊಸದಲ್ಲ. ಹದಿನೆಂಟು ವ್ಯವಹಾರಪದಗಳಲ್ಲಿ ಒಂದನ್ನು ಅವರು ಇದಕ್ಕಾಗಿಯೇ ಮೀಸಲಾಗಿಟ್ಟಿದ್ದಾರೆ. ಮನುವು ಅದನ್ನು ದತ್ತಸ್ಯಾನಪಕರ್ಮವೆಂದೂ ನಾರದನು ದತ್ತಾಪ್ರದಾನಿಕವೆಂದೂ ಕರೆದಿರುವುದು ವಿದ್ವಜ್ಜನರಿಗೆ ವಿದಿತವೇ ಇದೆ. ಈ ಹಳೆಯ ವಿಚಾರವು ಗಣಕಯಂತ್ರಗಳ ಲೋಕದಲ್ಲಿ, ಅದರಲ್ಲಿಯೂ ವರ್ಚುಯಲ್ ಮೆಷೀನ್ ಎಂದು ಹೆಸರಾದ ತಂತ್ರಾಂಶದಲ್ಲಿ, ಮತ್ತೆ ತಲೆಯೆತ್ತಿರುವ ಬಗೆಯನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ. ಇಂಥ ತಂತ್ರಾಂಶಗಳಲ್ಲಿ ಅನೇಕವು ಬಿಟ್ಟಿಯಾಗಿ ದೊರೆಯುತ್ತವೆ. ಅವುಗಳ ಗುಣವೇನು, ದೋಷವೇನು ಎಂದು ಕೇಳಿದರೆ ಬಲ್ಲವರು ಸಾಮಾನ್ಯವಾಗಿ ವೇಗವನ್ನೂ ಸೌಕರ್ಯವನ್ನೂ ಅಳೆದು ಉತ್ತರ ಹೇಳುತ್ತಾರೆ. ಆ ಅಳತೆಗಳು ಎರಡು ಮೂರು ವರ್ಷಗಳಿಗೊಮ್ಮೆ ಬದಲಾಗತಕ್ಕವು. ಅರುವತ್ತು ವರ್ಷಗಳ ಚರಿತ್ರೆಯನ್ನು ಒಟ್ಟಾಗಿ ನೋಡಿದರಾದರೋ ಈ ಗುಣದೋಷಗಳು ಮುಖ್ಯವಾಗಿ ದಾನದ ಸ್ವರೂಪದಿಂದಲೇ ಹುಟ್ಟಿರುವುದು ಕಂಡುಬರುತ್ತದೆ.

ಸಂಸ್ಕೃತಪಾಠಶಾಲೆಯಲ್ಲಿ ಓದಿದವನಿಗೆ ಈ ವಿಷಯದಲ್ಲಿ ಪ್ರವೇಶವೆಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಒಂದು ವ್ಯಾಕರಣಗ್ರಂಥಕ್ಕೆ ಪದಸೂಚಿಯನ್ನು ಸಿದ್ಧಪಡಿಸಿ ಒಂದು ಮುದ್ರಣಾಲಯಕ್ಕೆ ಒಪ್ಪಿಸಿದ್ದೆನು. ಪುಟಗಳ ಜೋಡಣೆ ಮುಗಿದಿತ್ತು, ಗ್ರಂಥವು ಅಚ್ಚಾಗಲಿಲ್ಲ, ಮುದ್ರಣಾಲಯವೂ ಮುಚ್ಚಿತು. ನನ್ನಲ್ಲಿ ಉಳಿದದ್ದು ಒಂದು ಸಿ.ಡಿ. ಮಾತ್ರ. ಯೂನಿಕೋಡ್ ಎಂಬ ಲೋಕಸಾಮಾನ್ಯ ಅಕ್ಷರಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಸಾಮಾನ್ಯರು ಬಳಸುವ ವಿಂಡೋಸ್ ಯಂತ್ರಗಳು ಕನ್ನಡವನ್ನು ಆ ಸಂಕೇತದಲ್ಲಿ ಬರೆದು ತೋರಿಸತೊಡಗಿದ್ದು ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಅದಕ್ಕೆ ಮುಂಚೆ, ಅದಾದ ಮೇಲೆ ಕೂಡ ಬಹುಕಾಲ, ನಮ್ಮ ಮುದ್ರಣಾಲಯಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಇರಿಸಿಕೊಂಡು ಕೆಲಸ ನಡೆಸಿದವು. ಒಂದೊಂದು ಅಕ್ಷರಮಾಲೆಯ ಏರ್ಪಾಡು ಒಂದೊಂದು ಬಗೆ. ಆದುದರಿಂದ ನನ್ನ ಪದಸೂಚಿಯನ್ನು ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತಿತ್ತು. ಪರಿವರ್ತಕಗಳನ್ನು ಪ್ರಯೋಗಿಸಿದ್ದಾಯಿತು. ರೇಫವು ಒಂದಕ್ಷರ ಹಿಂದೆ ಸರಿಯಿತು, ಒತ್ತುಗಳು ನೆರೆಯ ಅಕ್ಷರಕ್ಕೆ ಹೋಗಿ ಸೇರಿದವು. ವ್ಯಾಕರಣಗ್ರಂಥದ ಪದಸೂಚಿಯಲ್ಲಿ ಒತ್ತು ತಪ್ಪಿದರೆ ಉಳಿಯುವುದೇನು?

ಕೊನೆಗೆ ನನ್ನಲ್ಲಿ ಓದಿದ ಒಬ್ಬ ತರುಣನು ತನ್ನ ಹೊಸ ಯಂತ್ರದೊಳಗೆ ಒಂದು ಕಲ್ಪಿತಯಂತ್ರವನ್ನು ನಿರ್ಮಿಸಿ, ಅದರಲ್ಲಿ ವಿಂಡೋಸ್ ೯೮ನ್ನೂ ಆ ಕಾಲದ ಪುಟಜೋಡಣೆಯ ತಂತ್ರಾಂಶವನ್ನೂ ಅಕ್ಷರಮಾಲೆಯನ್ನೂ ಇರಿಸಿ, ಪದಸೂಚಿಯನ್ನು ಇದ್ದುದಿದ್ದಂತೆ ತೆರೆದು ತೋರಿಸಿದನು. ಇದಕ್ಕೆ ತೆತ್ತ ಬೆಲೆಯೆಷ್ಟೆಂದು ಕೇಳಿದೆನು, ಏನೂ ಇಲ್ಲವೆಂದನು. ಹಾಗಾದರೆ ಇದು ನಮ್ಮದೇ, ನಾಳೆಯೂ ಇರುವುದೇ ಎಂದು ಕೇಳಿದುದಕ್ಕೆ ಅವನಿಂದ ಉತ್ತರ ಬರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಈ ತಂತ್ರಾಂಶಗಳ ಅನುಮತಿಪತ್ರಗಳನ್ನೂ ಅವುಗಳ ಪೂರ್ವಚರಿತ್ರೆಯನ್ನೂ ಓದಿದೆನು.

ಮೊದಲು ಲಕ್ಷಣವನ್ನು ಹೇಳಬೇಕು. ಒಂದು ನಿಜವಾದ ಗಣಕಯಂತ್ರದೊಳಗೆ ಮತ್ತೊಂದು ಯಂತ್ರವಿರುವಂತೆ ತೋರುವ ಹಾಗೆ ಮಾಡುವ ತಂತ್ರಾಂಶದ ನಿರ್ಮಿತಿಯನ್ನು ಇಲ್ಲಿ ಕಲ್ಪಿತಯಂತ್ರವೆಂದು ಕರೆದಿದ್ದೇನೆ. ಒಳಗಿನ ಯಂತ್ರದಲ್ಲಿ ಓಡುವ ಕ್ರಮವಿಧಿಯು ತಾನು ಸ್ವತಂತ್ರವಾದ ಯಂತ್ರದಲ್ಲಿರುವೆನೆಂದೇ ಭಾವಿಸಿ ಕೆಲಸ ಮಾಡುತ್ತದೆ. ಮೇಲ್ವಿಚಾರಕ ತಂತ್ರಾಂಶವೊಂದು ಅದರ ಆಜ್ಞೆಗಳನ್ನು ಕಾಯುತ್ತಿದ್ದು, ನಿಜಯಂತ್ರಕ್ಕೆ ಕೈಹಾಕುವಂಥವನ್ನು ತಡೆದು, ತಕ್ಕ ಫಲವನ್ನು ತಾನೇ ಒದಗಿಸುತ್ತದೆ. ಇದನ್ನು ಶುಕ್ತಿರಜತದಂತೆ ಬರಿಯ ಭ್ರಾಂತಿಯೆನ್ನಲಾಗದು. ಕಪ್ಪೆಚಿಪ್ಪಿನ ಬೆಳ್ಳಿಯಿಂದ ಬಳೆ ಮಾಡಿಸುವ ಹಾಗಿಲ್ಲ; ಕಲ್ಪಿತಯಂತ್ರದಿಂದ ಪದಸೂಚಿಯನ್ನು ಅಚ್ಚು ಹಾಕಿಸಬಹುದು. ಅರ್ಥಕ್ರಿಯಾಕಾರಿತ್ವವು ಇದಕ್ಕುಂಟು. ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿದ್ವಾಂಸರು ಇದರ ಶಾಸ್ತ್ರೀಯ ಲಕ್ಷಣವನ್ನು ನಿರೂಪಿಸಿ ಮೂರು ಧರ್ಮಗಳನ್ನು ಹೇಳಿದರು: ಒಳಗೆ ನಡೆದದ್ದು ನಿಜಯಂತ್ರದಲ್ಲಿ ನಡೆಯುವುದಕ್ಕೆ ಸಮಾನವಾಗಿರಬೇಕು, ಸಾಮಗ್ರಿಯೆಲ್ಲವೂ ಮೇಲ್ವಿಚಾರಕನ ವಶದಲ್ಲಿರಬೇಕು, ಆಜ್ಞೆಗಳಲ್ಲಿ ಬಹುಭಾಗವು ನಡುವೆ ಯಾರೂ ಬಾರದೆ ನೇರವಾಗಿ ನಿಜಯಂತ್ರದಲ್ಲಿಯೇ ನಡೆಯಬೇಕು. ಲಕ್ಷ್ಯವು ಮೊದಲು, ಲಕ್ಷಣವು ಆಮೇಲೆ ಎಂಬ ನ್ಯಾಯವು ಇಲ್ಲಿಯೂ ಸಲ್ಲುತ್ತದೆ. ಲಕ್ಷ್ಯವಾದ ಯಂತ್ರವು ಏಳು ವರ್ಷ ಮೊದಲೇ ಬಳಕೆಯಲ್ಲಿತ್ತು.

ಇನ್ನು ದಾನಸ್ವರೂಪದ ವಿಚಾರ. ಬೆಲೆಯಿಲ್ಲದೆ ಬರುವ ವಸ್ತುವನ್ನು ಶಾಸ್ತ್ರವು ಒಂದೇ ಗುಂಪಿನಲ್ಲಿ ಸೇರಿಸುವುದಿಲ್ಲ. ಮದುವೆ ಮೊದಲಾದ ಉತ್ಸವಗಳಿಗಾಗಿ ಬೇಡಿ ತಂದ ವಸ್ತ್ರಾಭರಣಗಳನ್ನು ಯಾಚಿತವೆಂದು, ನಮ್ಮ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ವಿವರಿಸುತ್ತಾನೆ. ಕನ್ನಡದಲ್ಲಿ ಇದು ಎರವು. ಎರವಿಗೆ ಬೆಲೆಯಿಲ್ಲ, ಆದರೆ ಒಡೆತನವೂ ಬಾರದು. ಯಾಚಿತಕವನ್ನು ನಾರದನು ಅದೇಯಗಳಲ್ಲಿ, ಎಂದರೆ ಇನ್ನೊಬ್ಬರಿಗೆ ಕೊಡಬಾರದ ವಸ್ತುಗಳಲ್ಲಿ, ಎಣಿಸಿದ್ದಾನೆ. ದಾನವು ಎರಡನೆಯದು; ಅದಕ್ಕೆ ಕೊಡುವವನೂ ಕೊಳ್ಳುವ ಪಾತ್ರನೂ ಇರಬೇಕು. ಕೆರೆ, ಬಾವಿ, ತೋಪುಗಳನ್ನು ಸಮಸ್ತ ಪ್ರಾಣಿಗಳಿಗೆಂದು ಬಿಡುವುದು ಉತ್ಸರ್ಗ. ಅಲ್ಲಿ ಗೊತ್ತಾದ ಪಾತ್ರನಿಲ್ಲ, ಬಿಟ್ಟವನೂ ಉಳಿದವರಂತೆಯೇ ಆ ನೀರನ್ನು ಮುಟ್ಟಬಹುದು, ಹಿಂದೆಗೆದುಕೊಳ್ಳುವ ಮಾತಿಲ್ಲ. ಬಿಟ್ಟಿ ತಂತ್ರಾಂಶವೆಂದು ಜನರು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರವೂ ಇದೆ, ಉತ್ಸರ್ಗವೂ ಇದೆ. ಈ ವಿವೇಕವಿಲ್ಲದೆ ಗುಣದೋಷಗಳನ್ನು ಪಟ್ಟಿ ಮಾಡುವುದು ವ್ಯರ್ಥವೆಂದು ನನಗೆ ತೋರುತ್ತದೆ.

ಮೊದಲ ಕಲ್ಪಿತಯಂತ್ರಗಳು ಹುಟ್ಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ಪಟ್ಟಣದಲ್ಲಿ, ಐ.ಬಿ.ಎಂ. ಸಂಸ್ಥೆಯ ವಿಜ್ಞಾನಕೇಂದ್ರದಲ್ಲಿ. ರಾಬರ್ಟ್ ಕ್ರೀಸಿ ಎಂಬವರ ಮುಂದಾಳುತನದಲ್ಲಿ ೧೯೬೪ರ ಕೊನೆಗೆ ಆರಂಭವಾದ ಸಿ.ಪಿ.-೪೦ ಎಂಬ ತಂತ್ರಾಂಶವು ೧೯೬೭ರ ಆದಿಯಲ್ಲಿ ಬಳಕೆಗೆ ಬಂದಿತು. ಒಂದೇ ಯಂತ್ರವನ್ನು ಹದಿನಾಲ್ಕು ಮಂದಿ ಏಕಕಾಲದಲ್ಲಿ, ಪ್ರತಿಯೊಬ್ಬನೂ ತನಗೆ ಪ್ರತ್ಯೇಕವಾದ ಯಂತ್ರವಿರುವಂತೆ, ಬಳಸಬಹುದಾಯಿತು. ಅದರ ಮುಂದಿನ ರೂಪವೇ ಸಿ.ಪಿ.-೬೭. ಅದೇ ಕಾಲದಲ್ಲಿ ಸಂಸ್ಥೆಯು ಅಧಿಕೃತವಾಗಿ ಬಹುಜನರನ್ನೂ ಬಹುಧನವನ್ನೂ ತೊಡಗಿಸಿ ಟಿ.ಎಸ್.ಎಸ್. ಎಂಬ ಬೇರೊಂದು ವ್ಯವಸ್ಥೆಯನ್ನು ಕಟ್ಟುತ್ತಿತ್ತು. ಅದು ಮುಗ್ಗರಿಸಿತು, ಸಣ್ಣ ಗುಂಪಿನ ಈ ಕೆಲಸವು ನಿಂತಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇಲ್ಲಿ ವಿಪರ್ಯಯವಾಯಿತು.

ಈ ಸಿ.ಪಿ.-೬೭ನ್ನು ಸಂಸ್ಥೆಯು ೧೯೬೮ರಲ್ಲಿ ತನ್ನ ಮೂರನೆಯ ವರ್ಗದ ಭಂಡಾರಕ್ಕೆ ಸೇರಿಸಿತು. ಆ ವರ್ಗದ ತಂತ್ರಾಂಶಕ್ಕೆ ಬೆಲೆಯಿಲ್ಲ. ಕೆಟ್ಟರೆ ಸರಿಪಡಿಸಿಕೊಡುವೆವೆಂಬ ಭರವಸೆಯೂ ಇಲ್ಲ. ಆದರೆ ಅದರ ಮೂಲಪಾಠವನ್ನು, ಎಂದರೆ ಸೋರ್ಸ್ ಕೋಡನ್ನು, ಜೊತೆಗೆ ಕೊಡುತ್ತಿದ್ದರು. ಆಗ ತಂತ್ರಾಂಶಕ್ಕೆ ಬೇರೆ ಬೆಲೆ ಕಟ್ಟುವ ಪದ್ಧತಿಯೇ ಇರಲಿಲ್ಲ. ಯಂತ್ರವನ್ನು ಪಡೆದವರಿಗೆ ಅದು ಹಿಂದೆ ಬರುತ್ತಿತ್ತು. ೧೯೬೯ರ ಜೂನ್ ತಿಂಗಳಲ್ಲಿ ಐ.ಬಿ.ಎಂ. ಸಂಸ್ಥೆಯು ಎರಡನ್ನೂ ಬೇರ್ಪಡಿಸುವುದಾಗಿ ಪ್ರಕಟಿಸಿತಾದರೂ ೧೯೭೨ರ ಆಗಸ್ಟ್‌ನಲ್ಲಿ ಘೋಷಿತವಾದ ವಿ.ಎಂ./೩೭೦ ಮೂಲಪಾಠಸಹಿತವಾಗಿ ಪ್ರತ್ಯೇಕ ಬೆಲೆಯಿಲ್ಲದೆಯೇ ದೊರೆಯುತ್ತಿತ್ತು. ಅದನ್ನು ಬಳಸುತ್ತಿದ್ದ ವಿಶ್ವವಿದ್ಯಾಲಯಗಳವರೂ ಕಾರ್ಖಾನೆಗಳವರೂ ಮೂಲಪಾಠವನ್ನು ಓದಿದರು, ತಿದ್ದಿದರು, ತಿದ್ದುಪಡಿಗಳನ್ನು ಷೇರ್ ಎಂಬ ಬಳಕೆದಾರರ ಸಂಘದ ಮೂಲಕ ಪರಸ್ಪರ ಹಂಚಿಕೊಂಡರು. ನಮ್ಮಲ್ಲಿ ಒಂದು ಕಾವ್ಯದ ಓಲೆಪ್ರತಿಯನ್ನು ಊರಿಂದೂರಿಗೆ ಒಯ್ದು, ಪ್ರತಿ ಮಾಡಿ, ಅಂಚಿನಲ್ಲಿ ಟಿಪ್ಪಣಿ ಬರೆದಂತೆಯೇ ಇದು.

ಆದರೆ ಇದು ಉತ್ಸರ್ಗವಾಗಿರಲಿಲ್ಲ. ೧೯೮೦ರಲ್ಲಿ ಮುಂದಿನ ರೂಪವಾದ ವಿ.ಎಂ./ಎಸ್.ಪಿ.ಯನ್ನು ಬೆಲೆಗೆ ಕೊಡತೊಡಗಿದರು. ೧೯೮೩ರ ಫೆಬ್ರವರಿಯಲ್ಲಿ, ಇನ್ನು ಮುಂದೆ ಮೂಲಪಾಠವನ್ನು ಕೊಡಲಾಗದು, ಯಂತ್ರರೂಪವನ್ನು ಮಾತ್ರ ಕೊಡುವೆವು ಎಂಬ ನೀತಿಯನ್ನು ಪ್ರಕಟಿಸಿದರು. ಬಳಕೆದಾರರು ವರ್ಷಗಟ್ಟಲೆ ವಾದ ಮಾಡಿದರು. ಬೆಲೆ ಕೊಡುವುದಕ್ಕೆ ಅವರ ಆಕ್ಷೇಪವು ಅಷ್ಟಿರಲಿಲ್ಲವೆಂಬುದನ್ನು ಗಮನಿಸಬೇಕು. ತಾವು ಓದಿ ತಿದ್ದುತ್ತಿದ್ದ ಗ್ರಂಥವನ್ನು ಕಿತ್ತುಕೊಂಡು ಮುದ್ರೆಯೊತ್ತಿದ ಪೆಟ್ಟಿಗೆಯನ್ನು ಕೈಗಿತ್ತರೆಂಬುದೇ ಅವರ ದುಃಖ. ಐ.ಬಿ.ಎಂ. ಪಕ್ಷದಲ್ಲಿಯೂ ಹೇಳತಕ್ಕದ್ದುಂಟು: ಪ್ರತಿಯೊಬ್ಬನೂ ತನಗೆ ಬೇಕಾದಂತೆ ತಿದ್ದಿದ ಪಾಠಗಳನ್ನೆಲ್ಲ ನಿರ್ವಹಿಸುವುದು ಒಡೆಯನಿಗೆ ಭಾರವೇ ಸರಿ. ವಾದದಲ್ಲಿ ಯಾರು ಗೆದ್ದರೆಂಬುದನ್ನು ಹೇಳಬೇಕಾಗಿಲ್ಲ. ಈ ಚರಿತ್ರೆಯ ಮುಖ್ಯ ಅಂಶವೆಂದರೆ, ಕಲ್ಪಿತಯಂತ್ರದ ಮೊದಲ ಅಧ್ಯಾಯವೇ ಬಿಟ್ಟಿಯಾಗಿ ಆರಂಭವಾಗಿ ಹಿಂದೆಗೆತದಲ್ಲಿ ಮುಗಿದಿತೆಂಬುದು; ಈಗಿನವರು ೨೦೨೪ರಲ್ಲಿ ಪಟ್ಟ ಆಶ್ಚರ್ಯಕ್ಕೆ ಪೂರ್ವೋದಾಹರಣೆಯು ಇದ್ದೇ ಇತ್ತು.

ಎರಡನೆಯ ಅಧ್ಯಾಯವು ಮೇಜಿನ ಮೇಲಿನ ಚಿಕ್ಕ ಯಂತ್ರಗಳದು. ಇಂಟೆಲ್ ಸಂಸ್ಥೆಯ ಎಕ್ಸ್೮೬ ಜಾತಿಯ ಯಂತ್ರಗಳು ಪೋಪೆಕ್-ಗೋಲ್ಡ್‌ಬರ್ಗರ ಲಕ್ಷಣಕ್ಕೆ ಒಗ್ಗುವಂಥವಲ್ಲ. ನಿಜಯಂತ್ರದ ಸ್ಥಿತಿಯನ್ನು ಮುಟ್ಟುವ ಆಜ್ಞೆಯೆಲ್ಲವೂ ಮೇಲ್ವಿಚಾರಕನ ಬಲೆಗೆ ಬೀಳಬೇಕಷ್ಟೆ. ಪೆಂಟಿಯಂ ಯಂತ್ರದಲ್ಲಿ ಬಲೆಗೆ ಬೀಳದೆ ನುಸುಳುವ ಆಜ್ಞೆಗಳು ಹದಿನೇಳಿವೆಯೆಂದು ೨೦೦೦ದಲ್ಲಿ ಪ್ರಕಟವಾದ ಒಂದು ಪರಿಶೀಲನೆಯು ಎಣಿಸಿ ತೋರಿಸಿತು. ಇದನ್ನು ದಾಟಿದವರು ಮೆಂಡೆಲ್ ರೋಸೆನ್‌ಬ್ಲಮ್, ಡಯೇನ್ ಗ್ರೀನ್ ಮೊದಲಾದವರು. ಅವರು ೧೯೯೮ರಲ್ಲಿ ಸ್ಥಾಪಿಸಿದ ವಿಎಂವೇರ್ ಸಂಸ್ಥೆಯು ೧೯೯೯ರಲ್ಲಿ ಹೊರತಂದ ವರ್ಕ್‌ಸ್ಟೇಷನ್ ಎಂಬ ತಂತ್ರಾಂಶವು ನುಸುಳುವ ಆಜ್ಞೆಗಳನ್ನು ಓಡುವ ಮೊದಲೇ ಅನುವಾದ ಮಾಡಿಬಿಡುತ್ತಿತ್ತು. ಅದು ಬೆಲೆಯುಳ್ಳದ್ದು. ಮೂರನೆಯ ಧರ್ಮವಾದ ಶೀಘ್ರತೆಯನ್ನು ಕೆಡಿಸದೆ ಅನುವಾದದಿಂದ ಅವರು ಸಾಧಿಸಿದ್ದು ಸಾಮಾನ್ಯವಾದ ಕೌಶಲವಲ್ಲ.

೨೦೦೩ನೆಯ ವರ್ಷವು ಈ ಚರಿತ್ರೆಯಲ್ಲಿ ವಿಶೇಷವಾದುದು. ಆ ವರ್ಷ ಫ್ರಾನ್ಸಿನ ಫಾಬ್ರಿಸ್ ಬೆಲಾರ್ ಎಂಬವರು ಕ್ಯೂಎಮು ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಇಯನ್ ಪ್ರಾಟ್, ಕೀರ್ ಫ್ರೇಸರ್ ಮೊದಲಾದವರು ಜೆನ್ ಎಂಬುದನ್ನು ವಿದ್ವತ್ಸಭೆಯಲ್ಲಿ ನಿರೂಪಿಸಿದರು. ಹಿಂದಿನ ಕೇಂಬ್ರಿಜ್ ಬೇರೆ, ಈ ಕೇಂಬ್ರಿಜ್ ಬೇರೆ; ಹೆಸರಿನ ಸಾಮ್ಯದಿಂದ ಗೊಂದಲವಾಗಬಾರದು. ಎರಡಕ್ಕೂ ಮೂಲಪಾಠವು ತೆರೆದಿತ್ತು. ಯಾರೂ ಓದಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು. ೨೦೦೫ ಮತ್ತು ೨೦೦೬ರಲ್ಲಿ ಇಂಟೆಲ್ ಮತ್ತು ಎ.ಎಂ.ಡಿ. ಸಂಸ್ಥೆಗಳು ನುಸುಳುವ ಆಜ್ಞೆಗಳಿಗೆ ಯಂತ್ರದಲ್ಲಿಯೇ ಬಲೆಯನ್ನು ಇರಿಸಿದವು. ಅದನ್ನು ಆಶ್ರಯಿಸಿ ಆವಿ ಕಿವಿಟಿ ಎಂಬವರು ಬರೆದ ಕೆ.ವಿ.ಎಂ. ೨೦೦೭ರ ಫೆಬ್ರವರಿಯಲ್ಲಿ ಲಿನಕ್ಸಿನ ಗರ್ಭದಲ್ಲಿಯೇ ಸೇರಿತು. ಅಂದಿನಿಂದ ಲಿನಕ್ಸ್ ಇರುವೆಡೆಯೆಲ್ಲ ಕಲ್ಪಿತಯಂತ್ರದ ಬೀಜವೂ ಇರುವಂತಾಯಿತು.

ಲಿನಕ್ಸಿಗೂ ಅದರೊಡನೆ ಕೆ.ವಿ.ಎಂ.ಗೂ ಅನ್ವಯಿಸುವ ಅನುಮತಿಪತ್ರವು ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಜಿ.ಪಿ.ಎಲ್. ಎಂಬುದರ ೧೯೯೧ರ ಎರಡನೆಯ ಪಾಠ. ನನ್ನ ವಾದಕ್ಕೆ ಇದು ಮುಖ್ಯವಾದುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಪಡೆದವನು ಮೂಲಪಾಠವನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಮಾತ್ರ ತಾನು ಪಡೆದ ಹಕ್ಕುಗಳನ್ನೇ, ಮೂಲಪಾಠದೊಡನೆ, ಮುಂದಿನವನಿಗೂ ಕೊಡಬೇಕು. ನಮ್ಮ ದಾನಶಾಸನಗಳ ಕೊನೆಯಲ್ಲಿ, ಕೊಟ್ಟ ಭೂಮಿಯನ್ನು ಹಿಂದೆಗೆದುಕೊಂಡವನಿಗೆ ದೀರ್ಘಕಾಲದ ಕ್ರಿಮಿಜನ್ಮವನ್ನು ವಿಧಿಸುವ ಶಾಪಾಶಯವಿರುತ್ತದೆ. ಜಿ.ಪಿ.ಎಲ್.ನಲ್ಲಿ ಶಾಪವಿಲ್ಲ, ನಿಯಮ ಮೀರಿದವನ ಹಕ್ಕು ತಾನಾಗಿಯೇ ಬೀಳುತ್ತದೆ, ಅವನಿಂದ ಪಡೆದು ನಿಯಮವನ್ನು ಪಾಲಿಸಿದವರ ಹಕ್ಕು ಬೀಳುವುದಿಲ್ಲ. ಈ ಏರ್ಪಾಡನ್ನು ಕೆರೆಯ ಉತ್ಸರ್ಗಕ್ಕೆ ಹೋಲಿಸುತ್ತೇನೆ. ದೃಷ್ಟಾಂತವು ಸರ್ವಾಂಶದಲ್ಲಿಯೂ ಒಪ್ಪತಕ್ಕದ್ದಲ್ಲವೆಂಬುದು ನಿಜ. ಉತ್ಸರ್ಗದಲ್ಲಿ ಕರ್ತೃವಿನ ಸ್ವಾಮ್ಯವೇ ಹೋಗುತ್ತದೆ; ಇಲ್ಲಿ ಗ್ರಂಥಸ್ವಾಮ್ಯವು ಕರ್ತೃವಿನಲ್ಲಿಯೇ ಉಳಿದು, ಆ ಸ್ವಾಮ್ಯದ ಬಲದಿಂದಲೇ ನಿಯಮಗಳು ನಿಲ್ಲುತ್ತವೆ. ಕರ್ತೃವು ತನ್ನ ಮುಂದಿನ ಕೃತಿಯನ್ನು ಬೇರೆ ನಿಯಮದಿಂದ ಕೊಡಲೂಬಹುದು. ಆದರೂ ಒಮ್ಮೆ ಬಿಟ್ಟ ನೀರನ್ನು ಮತ್ತೆ ಮೊಗೆದುಕೊಳ್ಳಲಾಗದೆಂಬ ಅಂಶದಲ್ಲಿ ಸಾಮ್ಯವು ಪೂರ್ಣವಾಗಿದೆ.

ಇದೇ ಕಾಲದಲ್ಲಿ ಬೆಲೆಯುಳ್ಳ ತಂತ್ರಾಂಶದವರೂ ಬಿಟ್ಟಿಯಾಗಿ ಕೊಡತೊಡಗಿದರು. ವಿಎಂವೇರ್ ಸಂಸ್ಥೆಯು ೨೦೦೫ರಲ್ಲಿ ಪ್ಲೇಯರ್ ಎಂಬುದನ್ನು, ೨೦೦೬ರಲ್ಲಿ ಸರ್ವರ್ ಎಂಬುದನ್ನು, ೨೦೦೮ರಲ್ಲಿ ಇ.ಎಸ್.ಎಕ್ಸ್.ಐ. ಎಂಬುದನ್ನು ಬೆಲೆಯಿಲ್ಲದೆ ಕೊಟ್ಟಿತು. ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೩ರಲ್ಲಿ ಕನೆಕ್ಟಿಕ್ಸ್ ಎಂಬವರಿಂದ ಕೊಂಡ ವರ್ಚುಯಲ್ ಪಿಸಿಯನ್ನು ೨೦೦೬ರಲ್ಲಿ ಬಿಟ್ಟಿಯಾಗಿಸಿತು. ಸ್ಪರ್ಧೆಯು ಇದಕ್ಕೆ ಕಾರಣವೆಂದು ಊಹಿಸುವುದು ಕಷ್ಟವಲ್ಲ. ಪ್ಲೇಯರಿನ ಮೊದಲ ರೂಪದಲ್ಲಿ ಬೇರೆಡೆ ಸಿದ್ಧವಾದ ಯಂತ್ರವನ್ನು ಓಡಿಸಬಹುದಾಗಿತ್ತೇ ಹೊರತು ಹೊಸದನ್ನು ನಿರ್ಮಿಸುವ ಸೌಕರ್ಯವಿರಲಿಲ್ಲ. ಅನ್ನವನ್ನು ಬಡಿಸಿ ಒಲೆಯನ್ನು ಬೀಗದಲ್ಲಿಟ್ಟಂತೆ. ಇವೆಲ್ಲವೂ ಸ್ಪಷ್ಟವಾಗಿ ಯಾಚಿತಗಳು. ಮೂಲಪಾಠವಿಲ್ಲ, ಮತ್ತೊಬ್ಬರಿಗೆ ಕೊಡುವ ಹಕ್ಕಿಲ್ಲ, ಕಾಲದ ನಿಶ್ಚಯವಿಲ್ಲ. ಸರ್ವರ್ ತಂತ್ರಾಂಶದ ಪೋಷಣೆಯು ೨೦೧೧ರಲ್ಲಿ ನಿಂತಿತು.

ಎರವಿನ ಒಡವೆಯು ಹಿಂದಕ್ಕೆ ಹೋದ ಪ್ರಸಿದ್ಧವಾದ ಸಂದರ್ಭವು ಇತ್ತೀಚಿನದು. ಬ್ರಾಡ್‌ಕಾಮ್ ಸಂಸ್ಥೆಯು ೨೦೨೩ರ ನವೆಂಬರಿನಲ್ಲಿ ವಿಎಂವೇರನ್ನು ಕೊಂಡಿತು. ಮರುತಿಂಗಳೇ, ಒಮ್ಮೆ ಬೆಲೆ ತೆತ್ತು ಶಾಶ್ವತವಾಗಿ ಬಳಸುವ ಅನುಮತಿಯ ಮಾರಾಟವನ್ನು ನಿಲ್ಲಿಸಿ ವರ್ಷಾಸನದ ಪದ್ಧತಿಯನ್ನು ತಂದರು. ೨೦೨೪ರ ಫೆಬ್ರವರಿಯಲ್ಲಿ ಬಿಟ್ಟಿ ಇ.ಎಸ್.ಎಕ್ಸ್.ಐ.ಯನ್ನೂ ನಿಲ್ಲಿಸಿದರು. ಹದಿನಾರು ವರ್ಷಗಳ ಕಾಲ ಅದನ್ನು ನಂಬಿ ಪ್ರಯೋಗಶಾಲೆಗಳನ್ನು ಕಟ್ಟಿದವರು ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ವರ್ಕ್‌ಸ್ಟೇಷನ್ ತಂತ್ರಾಂಶವನ್ನು ಸ್ವಂತ ಬಳಕೆಯವರಿಗೂ, ನವೆಂಬರಿನಲ್ಲಿ ವ್ಯಾಪಾರಿಗಳೂ ಸೇರಿದಂತೆ ಎಲ್ಲರಿಗೂ, ಬಿಟ್ಟಿಯಾಗಿ ಬಿಟ್ಟರು. ೨೦೨೫ರ ಏಪ್ರಿಲಿನಲ್ಲಿ ನಿಲ್ಲಿಸಿದ್ದ ಇ.ಎಸ್.ಎಕ್ಸ್.ಐ. ಕೂಡ ಬಿಟ್ಟಿಯಾಗಿ ಮರಳಿತು. ಕೊಟ್ಟರು, ಕಿತ್ತುಕೊಂಡರು, ಮತ್ತೆ ಕೊಟ್ಟರು. ಇದರಲ್ಲಿ ಅನ್ಯಾಯವೇನೂ ಇಲ್ಲ, ಒಡವೆಯು ಅವರದು. ಆದರೆ ಮರಳಿ ಬಂದುದರಿಂದ ಅದು ಎರವಲ್ಲದೆ ಹೋಯಿತೆಂದು ಸಂತೋಷಪಡುವವರು, ನನ್ನ ಮತದಲ್ಲಿ, ಕಿತ್ತುಕೊಂಡಾಗ ಕೋಪಗೊಂಡವರಷ್ಟೇ ತಪ್ಪಿದ್ದಾರೆ.

ಇದಕ್ಕೆ ಪ್ರತ್ಯುದಾಹರಣೆಯನ್ನು ಜೆನ್‌ನ ಚರಿತ್ರೆಯಿಂದ ಕೊಡಬಹುದು. ಜೆನ್‌ನ ಆಧಾರದ ಮೇಲೆ ಸಿಟ್ರಿಕ್ಸ್ ಸಂಸ್ಥೆಯು ನಡೆಸುತ್ತಿದ್ದ ಜೆನ್‌ಸರ್ವರ್ ತಂತ್ರಾಂಶದ ಮೂಲಪಾಠವು ೨೦೧೩ರಲ್ಲಿ ತೆರೆದುದಾಯಿತು. ೨೦೧೭ರ ಕೊನೆಯಲ್ಲಿ, ಬಿಟ್ಟಿಯಾದ ಆವೃತ್ತಿಯಲ್ಲಿದ್ದ ಕೆಲವು ಶಕ್ತಿಗಳನ್ನು ಸಂಸ್ಥೆಯು ಹಿಂದೆಗೆದು ಬೆಲೆಯುಳ್ಳ ಆವೃತ್ತಿಗೆ ಸೇರಿಸಿತು. ಕೃತ್ಯವು ವಿಎಂವೇರಿನಲ್ಲಿ ಆದಂಥದೇ, ಫಲವು ಬೇರೆ. ಮೂಲಪಾಠವು ಜನರ ಕೈಯಲ್ಲಿದ್ದುದರಿಂದ ಅದನ್ನೇ ಹಿಡಿದು ಬೇರೆ ಜನರು ೨೦೧೮ರಲ್ಲಿ ಎಕ್ಸ್.ಸಿ.ಪಿ.-ಎನ್.ಜಿ. ಎಂಬ ಶಾಖೆಯನ್ನು ಹೊರತಂದರು. ಹಿಂದೆಗೆದ ಶಕ್ತಿಗಳು ಅದರಲ್ಲಿ ಉಳಿದವು.

ನಮ್ಮ ಅಧ್ಯಾಪಕರೂ ಗ್ರಂಥಸಂಪಾದಕರೂ ಹೆಚ್ಚಾಗಿ ಎದುರುಗೊಳ್ಳುವುದು ವರ್ಚುಯಲ್‌ಬಾಕ್ಸ್ ಎಂಬುದನ್ನು, ಇದು ಮಿಶ್ರಜಾತಿಯದು. ಜರ್ಮನಿಯ ಇನೊಟೆಕ್ ಎಂಬ ಚಿಕ್ಕ ಸಂಸ್ಥೆಯು ೨೦೦೭ರಲ್ಲಿ ಇದರ ಮೂಲಪಾಠವನ್ನು ಜಿ.ಪಿ.ಎಲ್. ಪ್ರಕಾರ ತೆರೆಯಿತು. ೨೦೦೮ರಲ್ಲಿ ಇದು ಸನ್ ಸಂಸ್ಥೆಗೂ, ೨೦೧೦ರಲ್ಲಿ ಸನ್ ಸಂಸ್ಥೆಯೊಡನೆ ಒರಾಕಲ್ ಸಂಸ್ಥೆಗೂ ಸೇರಿತು. ೨೦೧೦ರ ಕೊನೆಯಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಇದನ್ನು ಎರಡು ಭಾಗ ಮಾಡಿದ್ದಾರೆ. ಮುಖ್ಯ ಭಾಗವು ಜಿ.ಪಿ.ಎಲ್.ಗೆ ಒಳಪಟ್ಟಿದೆ. ಎಕ್ಸ್‌ಟೆನ್ಷನ್ ಪ್ಯಾಕ್ ಎಂಬ ಅನುಬಂಧಕ್ಕೆ ಬೇರೆ ಅನುಮತಿಪತ್ರವುಂಟು. ಅದು ಸ್ವಂತ ಬಳಕೆಗೂ ಪರೀಕ್ಷಿಸಿ ನೋಡುವುದಕ್ಕೂ ವಿದ್ಯಾಸಂಸ್ಥೆಗಳ ಪಾಠಕ್ರಮದ ಅಂಗವಾದ ಬೋಧನೆಗೂ ಬಿಟ್ಟಿ, ಉಳಿದವರಿಗೆ ಬೆಲೆಯುಳ್ಳದ್ದು. ಕೆರೆಯು ಊರಿನದು, ತೂಬು ಒಬ್ಬನದು. ಎರಡನ್ನೂ ಒಂದೇ ಪುಟದಿಂದ ಇಳಿಸಿಕೊಳ್ಳುವವನಿಗೆ ಈ ಭೇದವು ಕಣ್ಣಿಗೆ ಬೀಳುವುದು ಅಪೂರ್ವ. ಕಾಲೇಜಿನ ತರಗತಿಯಲ್ಲಿ ಅಧ್ಯಾಪಕನು ಅನುಬಂಧವನ್ನು ಬಳಸಿದರೆ ದೋಷವಿಲ್ಲ. ಅದೇ ಅಧ್ಯಾಪಕನು ಒಂದು ವಿದ್ವತ್ಸಂಸ್ಥೆಯ ಕಚೇರಿಯಲ್ಲಿ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆರೆಯಲು ಅದನ್ನೇ ಬಳಸಿದರೆ ಅದು ಪಾಠಕ್ರಮದ ಅಂಗವೆನ್ನುವುದು ಕಷ್ಟ. ಹಿಂದೆ ಹೊಸ ರೀತಿಯ ಯು.ಎಸ್.ಬಿ. ಸಾಧನಗಳನ್ನು ಜೋಡಿಸಬೇಕಾದರೂ ಅನುಬಂಧವೇ ಬೇಕಾಗಿತ್ತು. ೨೦೨೨ರ ಏಳನೆಯ ಆವೃತ್ತಿಯಿಂದ ಆ ಶಕ್ತಿಯು ಮುಖ್ಯಭಾಗಕ್ಕೇ ಸೇರಿದುದರಿಂದ ನಮ್ಮಂಥವರ ಕೆಲಸಕ್ಕೆ ಅನುಬಂಧವನ್ನು ಮುಟ್ಟದೆಯೇ ಇರಬಹುದು.

ಇಷ್ಟು ಹೇಳಿದುದರಿಂದ ಉತ್ಸರ್ಗವಾದುದೆಲ್ಲ ನಿರ್ದೋಷವೆಂದು ನಾನು ಹೇಳುವೆನೆಂದು ಭಾವಿಸಬಾರದು. ತೆರೆದ ಪಾಠವನ್ನು ಎಲ್ಲರೂ ಓದುವುದರಿಂದ ತಪ್ಪು ಉಳಿಯದೆಂಬ ಪಕ್ಷವೊಂದುಂಟು. ಅದಕ್ಕೆ ಬಾಧಕವಾದ ಉದಾಹರಣೆಯು ೨೦೧೫ರ ಮೇ ತಿಂಗಳಲ್ಲಿ ಹೊರಬಂದಿತು. ಕ್ಯೂಎಮುವಿನಲ್ಲಿ ಫ್ಲಾಪಿ ಡಿಸ್ಕಿನ ಸಾಧನವನ್ನು ಅನುಕರಿಸುವ ಭಾಗದಲ್ಲಿ ಒಂದು ದೋಷವಿತ್ತು. ಒಳಗಿನ ಯಂತ್ರದಲ್ಲಿರುವ ದುಷ್ಟನು ಅದರ ಮೂಲಕ ಕಲ್ಪನೆಯ ಗೋಡೆಯನ್ನು ಒಡೆದು ನಿಜಯಂತ್ರಕ್ಕೆ ಹೊರಬರಬಹುದಾಗಿತ್ತು. ಆ ಭಾಗವನ್ನು ಎರವು ತಂದುಕೊಂಡಿದ್ದ ಜೆನ್, ಕೆ.ವಿ.ಎಂ., ವರ್ಚುಯಲ್‌ಬಾಕ್ಸ್‌ಗಳಿಗೂ ಅದೇ ದೋಷವು ತಗುಲಿತ್ತು; ಸ್ವಂತ ಪಾಠವುಳ್ಳ ವಿಎಂವೇರಿಗೆ ತಗುಲಿರಲಿಲ್ಲ. ವೆನಮ್ ಎಂದು ಹೆಸರು ಪಡೆದ ಈ ದೋಷವು ೨೦೦೪ರಿಂದಲೇ ಅಲ್ಲಿತ್ತು. ಹನ್ನೊಂದು ವರ್ಷ ಎಲ್ಲರ ಕಣ್ಣೆದುರಿಗೆ ತೆರೆದಿದ್ದರೂ, ಫ್ಲ್ಯಾಪಿಯನ್ನು ಬಳಸುವವರೇ ಇಲ್ಲದ ಕಾಲದಲ್ಲಿ ಆ ಪುಟಗಳನ್ನು ಓದುವವರೂ ಇರಲಿಲ್ಲ. ಒಂದು ಓಲೆಪ್ರತಿಯ ತಪ್ಪು ಅದರಿಂದ ಇಳಿದ ಪ್ರತಿಗಳಿಗೆಲ್ಲ ಸಂಕ್ರಮಿಸುವುದನ್ನು ಗ್ರಂಥಸಂಪಾದಕರಿಗೆ ವಿವರಿಸಬೇಕಾಗಿಲ್ಲ. ದೋಷವು ತಿಳಿದ ಮೇಲೆ ತಿದ್ದುಪಡಿಯು ಬೇಗನೆ ಬಂದಿತೆಂಬುದನ್ನೂ ಹೇಳುವುದು ನ್ಯಾಯ.

ಉತ್ಸರ್ಗಕ್ಕೆ ಇನ್ನೊಂದು ತೊಂದರೆಯುಂಟು: ಹೂಳು ತೆಗೆಯುವವರಾರು? ಕೆರೆಯನ್ನು ಕಟ್ಟಿಸಿದವರು ಅದರ ರಕ್ಷಣೆಗಾಗಿ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ಹೆಸರುಗಳಿಂದ ಭೂಮಿಯನ್ನೋ ಬೆಳೆಯ ಭಾಗವನ್ನೋ ಬಿಟ್ಟಿರುವುದನ್ನು ಶಾಸನಗಳಲ್ಲಿ ಕಾಣುತ್ತೇವೆ. ಕೆ.ವಿ.ಎಂ.ಗೆ ಈ ವ್ಯವಸ್ಥೆಯು ವಿಚಿತ್ರವಾದ ರೀತಿಯಲ್ಲಿ ಒದಗಿದೆ. ರೆಡ್ ಹ್ಯಾಟ್ ಸಂಸ್ಥೆಯು ಅದನ್ನು ಹುಟ್ಟಿಸಿದ ಕಂಪೆನಿಯನ್ನು ೨೦೦೮ರಲ್ಲಿ ಕೊಂಡು ಪೋಷಿಸಿತು. ಅಮೆಜಾನ್, ಗೂಗಲ್‌ನಂಥ ದೊಡ್ಡ ಸಂಸ್ಥೆಗಳ ಬಾಡಿಗೆಯಂತ್ರಗಳು ಅದರ ಆಧಾರದ ಮೇಲೆ ನಡೆಯುವುದರಿಂದ ಅವರೂ ಅದನ್ನು ನೋಡಿಕೊಳ್ಳಬೇಕಾಗಿದೆ. ತಮ್ಮ ಗದ್ದೆಗಳಿಗೆ ನೀರು ಬೇಕಾದವರು ಹೂಳು ತೆಗೆಯುತ್ತಿದ್ದಾರೆ. ದಡದಲ್ಲಿ ಕೊಡ ತುಂಬಿಕೊಳ್ಳುವ ನಮಗೂ ಅದರಿಂದ ಉಪಕಾರವೇ. ಆದರೆ ಅವರ ಗದ್ದೆಗೆ ಬೇಡವಾದ ಮೂಲೆಯಲ್ಲಿ, ಉದಾಹರಣೆಗೆ ವಿಂಡೋಸ್ ೯೮ಕ್ಕೆ ಬೇಕಾದ ಹಳೆಯ ಚಿತ್ರಸಾಧನಗಳ ಅನುಕರಣದಲ್ಲಿ, ಹೂಳು ತುಂಬಿದರೆ ಕೇಳುವವರಿಲ್ಲ. ನಮ್ಮ ಹಳೆಯ ಕನ್ನಡದ ಕಡತಗಳಿರುವುದು ಆ ಮೂಲೆಯಲ್ಲಿಯೇ ಎಂಬುದು ಯೋಚಿಸಬೇಕಾದ ಸಂಗತಿ.

ಇಲ್ಲಿ ಕಲ್ಪನೆಗೂ ಅನುಕರಣಕ್ಕೂ ಇರುವ ಭೇದವನ್ನು ಹೇಳಬೇಕಾಗುತ್ತದೆ. ಕಲ್ಪಿತಯಂತ್ರವು ಶೀಘ್ರವಾಗಿರಬೇಕಾದರೆ ಒಳಯಂತ್ರವೂ ಹೊರಯಂತ್ರವೂ ಒಂದೇ ಜಾತಿಯವಾಗಿರಬೇಕು. ೨೦೨೦ರಲ್ಲಿ ಆಪಲ್ ಸಂಸ್ಥೆಯು ಇಂಟೆಲನ್ನು ಬಿಟ್ಟು ಆರ್ಮ್ ಜಾತಿಯ ಯಂತ್ರಗಳಿಗೆ ತಿರುಗಿದಾಗ ಆ ಯಂತ್ರಗಳಲ್ಲಿ ಹಳೆಯ ವಿಂಡೋಸನ್ನು ಮೊದಲಿನಂತೆ ನೇರವಾಗಿ ಓಡಿಸುವುದು ಅಸಾಧ್ಯವಾಯಿತು. ಕ್ಯೂಎಮುವಾದರೋ ಒಂದು ಜಾತಿಯ ಆಜ್ಞೆಗಳನ್ನು ಇನ್ನೊಂದು ಜಾತಿಗೆ ಅನುವಾದಿಸುತ್ತ ಪೂರ್ಣ ಅನುಕರಣವನ್ನೂ ಮಾಡಬಲ್ಲುದು; ಆದರೆ ನಿಧಾನ. ಪದಸೂಚಿಯನ್ನು ತೆರೆಯುವುದಕ್ಕೆ ವೇಗವೇಕೆ? ಇಪ್ಪತ್ತೈದು ವರ್ಷಗಳ ಹಿಂದಿನ ಯಂತ್ರವೇನೂ ವೇಗವಾದುದಾಗಿರಲಿಲ್ಲ. ಹಳೆಯ ಕಡತಗಳನ್ನು ಕಾಪಾಡುವವರಿಗೆ ಶೀಘ್ರವಾದ ಎರವಿಗಿಂತ ನಿಧಾನವಾದ ಉತ್ಸರ್ಗವೇ ಮೇಲೆಂದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳಿಗೆ ನಾಲ್ಕು ದಿನ ಏನನ್ನಾದರೂ ತೋರಿಸಬೇಕಾದವರು ಎರವಿನದನ್ನು ಧಾರಾಳವಾಗಿ ಬಳಸಬಹುದು. ಮದುವೆಯ ಒಡವೆಗೆ ನಾಲ್ಕು ದಿನ ಸಾಕು.

ಮತ್ತೊಂದನ್ನು ಮರೆಯಬಾರದು. ಪಾತ್ರೆಯು ಬಿಟ್ಟಿಯಾದುದರಿಂದ ಒಳಗಿನ ಪದಾರ್ಥವೂ ಬಿಟ್ಟಿಯಾಗುವುದಿಲ್ಲ. ಕಲ್ಪಿತಯಂತ್ರದೊಳಗಿನ ವಿಂಡೋಸಿಗೆ ಅದರದೇ ಅನುಮತಿಪತ್ರವು ಬೇಕು, ಪುಟಜೋಡಣೆಯ ತಂತ್ರಾಂಶಕ್ಕೂ ಬೇಕು, ಅಕ್ಷರಮಾಲೆಗೂ ಬೇಕು. ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೯ರಲ್ಲಿ ವಿಂಡೋಸ್ ಏಳರ ಕೆಲವು ಆವೃತ್ತಿಗಳೊಡನೆ ಎಕ್ಸ್‌ಪಿ ಮೋಡ್ ಎಂದು ಒಳಗಿನ ಎಕ್ಸ್‌ಪಿಯನ್ನೂ ಸೇರಿಸಿ ಕೊಟ್ಟದ್ದುಂಟು. ಎಕ್ಸ್‌ಪಿಯ ಪೋಷಣೆಯು ೨೦೧೪ರ ಏಪ್ರಿಲಿನಲ್ಲಿ ನಿಂತಿತು. ಹೀಗೆ ಪೋಷಣೆ ನಿಂತುಹೋದ ವ್ಯವಸ್ಥೆಯನ್ನು ಒಳಗೆ ಓಡಿಸುವವರು ಅದಕ್ಕೆ ಅಂತರ್ಜಾಲದ ಸಂಪರ್ಕವನ್ನು ಕೊಡದಿರುವುದೇ ಕ್ಷೇಮ.

ಮೊದಲಿಗೆ ಹೇಳಿದ ಐ.ಬಿ.ಎಂ. ಗ್ರಂಥದ ಗತಿ ಏನಾಯಿತೆಂದು ತಿಳಿಯುವ ಕುತೂಹಲವು ಕೆಲವರಿಗೆ ಇರಬಹುದು. ಮುಚ್ಚುವ ನೀತಿ ಬರುವುದಕ್ಕೆ ಮೊದಲು ಹೊರಬಂದಿದ್ದ ವಿ.ಎಂ./೩೭೦ರ ಆರನೆಯ ಆವೃತ್ತಿಯು ಮೂಲಪಾಠದೊಡನೆ ಉಳಿದುಕೊಂಡಿದೆ. ರೋಜರ್ ಬೌಲರ್ ಎಂಬವರು ೧೯೯೯ರಲ್ಲಿ ಹರ್ಕ್ಯುಲಿಸ್ ಎಂಬ ಅನುಕರಣ ತಂತ್ರಾಂಶವನ್ನು ಬರೆದ ಮೇಲೆ, ಕೋಣೆ ತುಂಬುವ ಆ ಯಂತ್ರಗಳಿಗಾಗಿ ಬರೆದುದನ್ನು ಆಸಕ್ತರು ತಮ್ಮ ಮೇಜಿನ ಮೇಲೆಯೇ ಓಡಿಸುತ್ತಿದ್ದಾರೆ, ಈಗಲೂ ತಿದ್ದುತ್ತಿದ್ದಾರೆ. ಅನುಕರಿಸಿದ ಯಂತ್ರದೊಳಗೆ ಕಲ್ಪಿತಯಂತ್ರ, ಅದರೊಳಗೆ ಮತ್ತೊಂದು.

ನನ್ನ ಪದಸೂಚಿಯಿದ್ದ ಕಲ್ಪಿತಯಂತ್ರವು ಮೊದಲು ಒಂದು ಸಂಸ್ಥೆಯ ಎರವಿನ ತಂತ್ರಾಂಶದಲ್ಲಿತ್ತು. ಆ ತರುಣನು ಅದರ ಡಿಸ್ಕಿನ ಕಡತವನ್ನು ಕ್ಯೂಎಮುವಿನೊಡನೆ ಬರುವ ಪರಿವರ್ತಕದಿಂದ ಯಾವ ಸಂಸ್ಥೆಯ ಮುದ್ರೆಯೂ ಇಲ್ಲದ ಕಚ್ಚಾ ರೂಪಕ್ಕೆ ತಂದು ಕ್ಯೂಎಮುವಿನಲ್ಲಿಯೇ ತೆರೆದನು. ನಿಧಾನವಾಗಿ ತೆರೆಯಿತು. ಯಂತ್ರದ ರಚನೆಯನ್ನು, ಎಷ್ಟು ಸ್ಮೃತಿಸಾಮರ್ಥ್ಯ, ಯಾವ ಚಿತ್ರಸಾಧನ ಎಂಬುದನ್ನೆಲ್ಲ, ಒಂದು ಕಾಗದದ ಮೇಲೆ ಬರೆಸಿ ಸಿ.ಡಿ.ಯೊಡನೆ ಇರಿಸಿದ್ದೇನೆ. ವಿಂಡೋಸ್ ೯೮ರ ಅನುಮತಿಪತ್ರವು ಮುದ್ರಣಾಲಯದ ಯಜಮಾನರದಾಗಿತ್ತು, ಅವರು ಈಗಿಲ್ಲ. ಅವರ ಮಗನು ಅಟ್ಟದ ಮೇಲಿನಿಂದ ಮೂಲ ಪೆಟ್ಟಿಗೆಯನ್ನು ಹುಡುಕಿ, ಇದು ನಿಮಗೇ ಇರಲಿ ಎಂದು ಕೊಟ್ಟನು. ಪುಟಗಳನ್ನು ಹಳೆಯ ಕರಡಚ್ಚಿನೊಡನೆ ಹೋಲಿಸಿ ನೋಡುತ್ತಿದ್ದೇನೆ. ಯಕಾರಾದಿ ಪದಗಳವರೆಗೆ ಬಂದಿದೆ, ಇದುವರೆಗೆ ಒಂದು ಒತ್ತೂ ತಪ್ಪಿಲ್ಲ.